ಒಂದು ಸಂಗತಿಗೆ ಒಂದೇ ಮನೆ

2020ನೆಯ ಇಸವಿಯ ಅಕ್ಟೋಬರ್ ತಿಂಗಳ ಮೊದಲ ವಾರ. ಕೋವಿಡ್ ಜಾಡ್ಯವು ಲೋಕವನ್ನೆಲ್ಲ ಆವರಿಸಿದ್ದ ಆ ಕಾಲದಲ್ಲಿ ಇಂಗ್ಲೆಂಡಿನ ಆರೋಗ್ಯಾಧಿಕಾರಿಗಳು ಒಂದು ವಿಚಿತ್ರವಾದ ಸಂಗತಿಯನ್ನು ಜನರಿಗೆ ತಿಳಿಸಬೇಕಾಗಿ ಬಂದಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ವರೆಗಿನ ಎಂಟು ದಿನಗಳಲ್ಲಿ, ಸೋಂಕು ತಗುಲಿದೆಯೆಂದು ಪರೀಕ್ಷೆಯಿಂದ ಸ್ಪಷ್ಟವಾಗಿದ್ದ 15,841 ಮಂದಿ ದಿನದಿನದ ಲೆಕ್ಕಕ್ಕೆ ಸೇರದೆ ಹೋಗಿದ್ದರು. ಪರೀಕ್ಷೆಯಲ್ಲಿ ತಪ್ಪಿರಲಿಲ್ಲ. ಸೋಂಕಿತರಿಗೆ ಅವರವರ ಫಲಿತಾಂಶವೂ ತಲುಪಿತ್ತು. ಆದರೆ ಅವರು ಯಾರ ಯಾರೊಡನೆ ಒಡನಾಡಿದ್ದರೆಂಬುದನ್ನು ವಿಚಾರಿಸಿ ಆ ಜನರನ್ನು ಎಚ್ಚರಿಸಬೇಕಾಗಿದ್ದ ಸಿಬ್ಬಂದಿಗೆ ಈ ಹೆಸರುಗಳು ಸಕಾಲದಲ್ಲಿ ಹೋಗಲೇ ಇಲ್ಲ. ಸೋಂಕು ತಗುಲಿರಬಹುದಾದವರು ಏನನ್ನೂ ಅರಿಯದೆ ಎಂದಿನಂತೆ ತಿರುಗಾಡಿಕೊಂಡಿದ್ದರು.

ಕಾರಣವನ್ನು ಹುಡುಕಿದಾಗ ಅದು ಒಂದು ಕೋಷ್ಟಕದ ಉದ್ದದಲ್ಲಿ ದೊರೆಯಿತು. ಪ್ರಯೋಗಶಾಲೆಗಳಿಂದ ಬಂದ ಫಲಿತಾಂಶಗಳನ್ನು ಆಗ ಇದ್ದ ‘ಪಬ್ಲಿಕ್ ಹೆಲ್ತ್ ಇಂಗ್ಲೆಂಡ್’ ಸಂಸ್ಥೆಯ ಗಣಕಯಂತ್ರಗಳು ಎಕ್ಸೆಲ್ ಎಂಬ ಸ್ಪ್ರೆಡ್‌ಷೀಟ್ ಕಡತಗಳಲ್ಲಿ ತಾವಾಗಿಯೇ ತುಂಬಿಕೊಳ್ಳುತ್ತಿದ್ದುವು. ಬಳಸಿದ್ದ ಕಡತದ ಮಾದರಿ ಹಳೆಯದು. ಅದರ ಒಂದು ಹಾಳೆಯಲ್ಲಿ 65,536 ಅಡ್ಡಸಾಲುಗಳಿಗೆ ಮಾತ್ರ ಸ್ಥಳವುಂಟು. ಈ ಸಂಖ್ಯೆ ಆಕಸ್ಮಿಕವಾದುದಲ್ಲ. ಸಾಲಿನ ಕ್ರಮಾಂಕವನ್ನು 16 ದ್ವಿಮಾನ ಅಂಕೆಗಳಲ್ಲಿ ಬರೆದಿಡುವಂತೆ ಆ ಮಾದರಿಯನ್ನು ರಚಿಸಲಾಗಿತ್ತು. ಹದಿನಾರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 65,536 ಆಗುವುದನ್ನು ವಾಚಕರು ತಾವೇ ಲೆಕ್ಕಮಾಡಿ ನೋಡಬಹುದು. ಒಬ್ಬೊಬ್ಬರ ಪರೀಕ್ಷೆಗೂ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಒಂದು ಕಡತದಲ್ಲಿ ಸುಮಾರು 1,400 ಜನರ ವಿವರ ಮಾತ್ರ ಹಿಡಿಸುತ್ತಿತ್ತೆಂದು ಆಗ ವರದಿಯಾಯಿತು. ಹಾಳೆ ತುಂಬಿತು, ಮುಂದಿನ ಹೆಸರುಗಳು ಹೊರಗುಳಿದುವು. ಕೊಡ ತುಂಬಿ ಚೆಲ್ಲಿದರೆ ನೆಲವಾದರೂ ಒದ್ದೆಯಾಗುತ್ತದೆ. ಇಲ್ಲಿ ಅದೂ ಆಗಲಿಲ್ಲ.

ಬಿಟ್ಟುಹೋದವರನ್ನು ಸೇರಿಸಿದಾಗ, ಅಕ್ಟೋಬರ್ 4ರಂದು, ಬ್ರಿಟನ್ನಿನ ಒಂದು ದಿನದ ಲೆಕ್ಕ 22,961ಕ್ಕೆ ಜಿಗಿಯಿತು. ಥೀಮೋ ಫೆಟ್ಸರ್ ಮತ್ತು ಥಾಮಸ್ ಗ್ರೇಬರ್ ಎಂಬ ಅರ್ಥಶಾಸ್ತ್ರಜ್ಞರು ಬೇರೆಬೇರೆ ಪ್ರಾಂತಗಳನ್ನು ಹೋಲಿಸಿ ನೋಡಿ, ಹೆಚ್ಚು ಹೆಸರುಗಳು ಬಿಟ್ಟುಹೋಗಿದ್ದ ಕಡೆಗಳಲ್ಲಿ ಅನಂತರದ ವಾರಗಳಲ್ಲಿ ಸೋಂಕೂ ಸಾವೂ ಹೆಚ್ಚಾಗಿದ್ದುವೆಂದು 2021ರಲ್ಲಿ ಪ್ರಕಟಿಸಿದರು.

ಇಂಥ ಕೆಲಸಕ್ಕೆ ಸ್ಪ್ರೆಡ್‌ಷೀಟ್ ತಕ್ಕುದಲ್ಲ, ಡೇಟಾಬೇಸ್ ಇರಬೇಕಾಗಿತ್ತು ಎಂದು ಬಲ್ಲವರು ಆಗ ಹೇಳಿದರು. ಆದರೆ ಎರಡರಲ್ಲಿಯೂ ಕಣ್ಣಿಗೆ ಕಾಣುವುದು ಅಡ್ಡಸಾಲು ಕಂಬಸಾಲುಗಳ ಕೋಷ್ಟಕವೇ ಅಲ್ಲವೆ? ಹಾಗಿದ್ದರೆ ಭೇದವೆಲ್ಲಿ? ಬರಿಯ ಉದ್ದದಲ್ಲಿಯೆ? 2007ರಿಂದ ಈಚಿನ ಎಕ್ಸೆಲ್ ಹಾಳೆಗಳಲ್ಲಿ 10,48,576 ಸಾಲುಗಳಿವೆ. ಅಂಥ ಹಾಳೆಯನ್ನು ಬಳಸಿದ್ದರೆ ಅಂದಿನ ಅನಾಹುತ ತಪ್ಪುತ್ತಿತ್ತು, ನಿಜ. ಆದರೂ ಭೇದ ಉದ್ದದಲ್ಲಿಲ್ಲ. ಅದು ಎಲ್ಲಿದೆ ಎಂಬುದನ್ನು ತಿಳಿಯಬೇಕಾದರೆ ಈ ಎರಡು ಉಪಕರಣಗಳು ಯಾವ ಯಾವ ತೊಡಕನ್ನು ಬಿಡಿಸಲು ಹುಟ್ಟಿದುವೆಂಬುದನ್ನು ನೋಡಬೇಕು.

ಸ್ಪ್ರೆಡ್‌ಷೀಟ್ ಹುಟ್ಟಿದ್ದು ಕಪ್ಪುಹಲಗೆಯ ಮುಂದೆ. 1978ರಲ್ಲಿ ಅಮೆರಿಕೆಯ ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ತರುಣನು, ಅಧ್ಯಾಪಕರು ಹಲಗೆಯ ಮೇಲೆ ದೊಡ್ಡ ಲೆಕ್ಕದ ಕೋಷ್ಟಕವನ್ನು ಬರೆದು, ಒಂದು ಅಂಕೆ ಬದಲಾದರೆ ಅದನ್ನು ಅವಲಂಬಿಸಿದ ಅಂಕೆಗಳನ್ನೆಲ್ಲ ಅಳಿಸಿ ಮತ್ತೆ ಬರೆಯುವುದನ್ನು ನೋಡಿದನು. ಈ ಅಳಿಸಿ ಬರೆಯುವ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದು? ಬಾಬ್ ಫ್ರಾಂಕ್‌ಸ್ಟನ್ ಎಂಬ ಗೆಳೆಯನೊಡನೆ ಸೇರಿ ಆತನು ರಚಿಸಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಮಾರಾಟಕ್ಕೆ ಬಂದಿತು. ಚದುರಂಗದ ಹಾಸಿನಂತೆ ಮನೆಗಳು. ಒಂದು ಮನೆಯಲ್ಲಿ ಅಂಕೆ, ಇನ್ನೊಂದರಲ್ಲಿ ಸೂತ್ರ. ಅಂಕೆಯನ್ನು ಬದಲಿಸಿದ ಕ್ಷಣದಲ್ಲಿ ಸೂತ್ರದ ಉತ್ತರವೂ ಬದಲಾಗುತ್ತದೆ. ಬಡ್ಡಿಯ ದರ ಶೇಕಡ 8ರಿಂದ 9ಕ್ಕೆ ಏರಿದರೆ ಸಾಲದ ಕಂತು ಎಷ್ಟಾದೀತು ಎಂಬಂಥ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೂ ಹುಟ್ಟಿಲ್ಲವೆಂದೇ ನಮ್ಮ ಎಣಿಕೆ. ಗಮನಿಸಬೇಕಾದುದೇನೆಂದರೆ, ಇದು ಲೆಕ್ಕ ಹಾಕುವುದಕ್ಕಾಗಿ ಹುಟ್ಟಿದ್ದು. ದಾಖಲೆಯನ್ನು ಕಾಪಾಡುವುದಕ್ಕಾಗಿ ಅಲ್ಲ. ಯಾವ ಮನೆಯಲ್ಲಿ ಏನನ್ನು ಬೇಕಾದರೂ ಬರೆಯಬಹುದು. ಆ ಸ್ವಾತಂತ್ರ್ಯವೇ ಅದರ ಸೊಗಸು.

ದಾಖಲೆಯ ತೊಡಕು ಬೇರೆ ಬಗೆಯದು. ಒಂದು ಕಾಲೇಜಿನ ಪುಸ್ತಕಭಂಡಾರವನ್ನು ಊಹಿಸಿಕೊಳ್ಳೋಣ. 600 ಮಂದಿ ಸದಸ್ಯರು, 5,000 ಪುಸ್ತಕಗಳು. ವರ್ಷಕ್ಕೆ 9,000 ಬಾರಿ ಪುಸ್ತಕಗಳನ್ನು ಎರವಲು ಕೊಡುತ್ತಾರೆನ್ನೋಣ. ಪ್ರತಿಸಲವೂ ಒಂದು ಸಾಲು: ತಾರೀಖು, ಸದಸ್ಯರ ಹೆಸರು, ತರಗತಿ, ವಿಳಾಸ, ಪುಸ್ತಕದ ಹೆಸರು, ಗ್ರಂಥಕರ್ತರ ಹೆಸರು, ಹಿಂದಿರುಗಿಸಿದ ದಿನ. ಎಲ್ಲವೂ ಒಂದೇ ಹಾಳೆಯಲ್ಲಿ ಕಣ್ಣಮುಂದೆ ಇದೆ; ಇದಕ್ಕಿಂತ ಅನುಕೂಲ ಬೇರೇನು ಬೇಕು?

ವರ್ಷ ತುಂಬುವುದರೊಳಗೆ ಅನನುಕೂಲಗಳು ಒಂದೊಂದಾಗಿ ತಲೆಯೆತ್ತುತ್ತವೆ. ಒಬ್ಬೊಬ್ಬರ ವಿಳಾಸವನ್ನೂ ಸರಾಸರಿ ಹದಿನೈದು ಸಲ ಬರೆದಾಗಿದೆ. ಸುಮಿತ್ರಾ ಎಂಬ ವಿದ್ಯಾರ್ಥಿನಿ ಹಾಸ್ಟೆಲನ್ನು ಬಿಟ್ಟು ಸೋದರಮಾವನ ಮನೆಗೆ ಹೋದಳೆಂದರೆ ಹದಿನೈದು ಕಡೆ ತಿದ್ದಬೇಕು. ಹದಿನಾಲ್ಕು ಕಡೆ ತಿದ್ದಿ ಒಂದನ್ನು ಮರೆತರೆ ಒಬ್ಬಳಿಗೆ ಎರಡು ವಿಳಾಸ. ಯಾವುದು ದಿಟವೆಂದು ಹಾಳೆ ಹೇಳಲಾರದು. ಆಕೆಯ ಹೆಸರಾದರೂ ಒಂದೇ ರೀತಿಯಲ್ಲಿದೆಯೆ? ಒಬ್ಬ ಗುಮಾಸ್ತರು ‘ಕೆ. ಎನ್. ಸುಮಿತ್ರಾ’ ಎಂದು ಬರೆದರು; ಇನ್ನೊಬ್ಬರು ‘ಸುಮಿತ್ರಾ ಕೆ. ಎನ್.’ ಎಂದರು, ಮೂರನೆಯವರು ದೀರ್ಘವನ್ನು ಬಿಟ್ಟು ‘ಸುಮಿತ್ರ’ ಎಂದರು. ನಮ್ಮ ಕಣ್ಣಿಗೆ ಒಬ್ಬಳೇ. ಯಂತ್ರದ ಪಾಲಿಗೆ ಮೂವರು. ಹೊಸದಾಗಿ ತಂದ ಪುಸ್ತಕದ ಅವಸ್ಥೆ ಇನ್ನೂ ವಿಚಿತ್ರ: ಅದನ್ನು ಯಾರೂ ಇನ್ನೂ ಎರವಲು ಪಡೆದಿಲ್ಲವಾದುದರಿಂದ ಅದಕ್ಕೆ ಹಾಳೆಯಲ್ಲಿ ಜಾಗವೇ ಇಲ್ಲ. ಒಬ್ಬ ಸದಸ್ಯನು ವರ್ಷದಲ್ಲಿ ಒಂದೇ ಪುಸ್ತಕವನ್ನು ಪಡೆದಿದ್ದು, ಹಿಂದಿರುಗಿಸಿದನೆಂದು ಆ ಸಾಲನ್ನು ಅಳಿಸಿದರೆ, ಸಾಲದ ಜೊತೆಗೆ ಸಾಲಗಾರನೂ ಮಾಯವಾಗುತ್ತಾನೆ!

ಮೂಲದಲ್ಲಿರುವ ದೋಷ ಒಂದೇ. ಸದಸ್ಯ, ಪುಸ್ತಕ, ಎರವಲು ಎಂಬ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಸಾಲಿನಲ್ಲಿ ತುರುಕಿದ್ದೇವೆ. ಬಿಡಿಸಿ ಇಡುವುದಾದರೆ ಮೂರು ಕೋಷ್ಟಕಗಳಾಗುತ್ತವೆ. ಮೊದಲನೆಯದರಲ್ಲಿ ಸದಸ್ಯರು: ಒಬ್ಬರಿಗೆ ಒಂದೇ ಸಾಲು, ಒಂದು ಸದಸ್ಯ ಸಂಖ್ಯೆ. ಎರಡನೆಯದರಲ್ಲಿ ಪುಸ್ತಕಗಳು: ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಮೂರನೆಯದರಲ್ಲಿ ಬರಿಯ ಎರವಲು: ಸದಸ್ಯ 117, ಪುಸ್ತಕ 2046, ಕೊಟ್ಟ ದಿನ ಆಗಸ್ಟ್ 3. ವಿಳಾಸ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು, ಏಕೆಂದರೆ ಅದು ಒಂದೇ ಕಡೆ ಇದೆ. ಹೊಸ ಪುಸ್ತಕಕ್ಕೂ ಜಾಗವಿದೆ. ಎರವಲನ್ನು ಅಳಿಸಿದರೆ ಸದಸ್ಯನೂ ಅಳಿಯುವುದಿಲ್ಲ. ಒಂದು ಸಂಗತಿಗೆ ಒಂದೇ ಮನೆ. ಉಳಿದವರಿಗೆ ಬೇಕಾದಾಗ ಆ ಮನೆಯ ಗುರುತು ಸಾಕು.

ಈ ಗುರುತಿಗೆ ಕೀಲಿ ಎಂದು ಹೆಸರು. ಕೀಲಿಯನ್ನು ಆರಿಸುವುದು ಹೊರನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಹೆಸರನ್ನು ಕೀಲಿಯಾಗಿಟ್ಟುಕೊಂಡರೆ ಒಂದೇ ತರಗತಿಯಲ್ಲಿ ಮೂವರು ಮಂಜುನಾಥರಿರುತ್ತಾರೆ. ದೂರವಾಣಿ ಸಂಖ್ಯೆಯನ್ನಿಟ್ಟುಕೊಂಡರೆ ಅಣ್ಣತಂಗಿಯರಿಬ್ಬರೂ ತಂದೆಯ ಸಂಖ್ಯೆಯನ್ನೇ ಕೊಟ್ಟಿರುತ್ತಾರೆ. ನಮ್ಮ ನಾಡಿನ ಕಂದಾಯದ ದಾಖಲೆಗಳಲ್ಲಿ ಇದಕ್ಕೊಂದು ಸೊಗಸಾದ ಉದಾಹರಣೆಯಿದೆ. ಹೊಲದ ಗುರುತು ಯಾವುದೆಂದು ರೈತರನ್ನು ಕೇಳಿದರೆ ಸರ್ವೆ ನಂಬರನ್ನು ಹೇಳುತ್ತಾರೆ. ಆದರೆ 45ನೆಯ ಸರ್ವೆ ನಂಬರು ಈ ಊರಿನಲ್ಲಿಯೂ ಇದೆ, ಪಕ್ಕದ ಊರಿನಲ್ಲಿಯೂ ಇದೆ. ಅಣ್ಣತಮ್ಮಂದಿರು ಹೊಲವನ್ನು ಪಾಲುಮಾಡಿಕೊಂಡಿದ್ದರೆ ಅದಕ್ಕೆ ಹಿಸ್ಸಾ ಸಂಖ್ಯೆಯೂ ಸೇರಿರುತ್ತದೆ. ಆದುದರಿಂದ ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಲ್ಲ ಕೂಡಿದರೆ ಮಾತ್ರ ಒಂದು ತುಂಡು ನೆಲದ ಗುರುತು ಸಿಕ್ಕುತ್ತದೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಡೇಟಾಬೇಸಿಗೆ ಏರಿಸಿದಾಗ ಈ ಕೂಡುಗುರುತೇ ನೆರವಿಗೆ ಬಂದಿತು. ಇಂದಿಗೂ ಪಹಣಿಯನ್ನು ಹುಡುಕುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಕ್ರಮವಾಗಿ ಆರಿಸಿ, ಆಮೇಲೆ ಸರ್ವೆ ನಂಬರನ್ನೂ ಹಿಸ್ಸಾವನ್ನೂ ಕೊಡಬೇಕು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಮೊದಲಿನ ಹಾಳೆಯಲ್ಲಿ ಒಂದೇ ನೋಟಕ್ಕೆ ಎಲ್ಲವೂ ತಿಳಿಯುತ್ತಿತ್ತು. ಈಗ ಎರವಲಿನ ಕೋಷ್ಟಕದಲ್ಲಿ 117, 2046 ಎಂಬ ಮೂಕ ಅಂಕೆಗಳಿವೆ; ಪುಸ್ತಕವನ್ನು ಹಿಂದಿರುಗಿಸದವರಿಗೆ ಕಾಗದ ಬರೆಯುವುದು ಹೇಗೆ? ಈ ಆಕ್ಷೇಪಣೆ ಸರಿಯಾದುದೇ. ಕೈಯಿಂದ ಬರೆಯುವ ದಫ್ತರಗಳಲ್ಲಿ ಇಷ್ಟು ಬಿಡಿಸಿ ಇಟ್ಟಿದ್ದರೆ ಗುಮಾಸ್ತರು ದಿನವೆಲ್ಲ ಪುಟ ತಿರುವುತ್ತಲೇ ಇರಬೇಕಾಗುತ್ತಿತ್ತು. ಬಿಡಿಸಿಟ್ಟ ಕೋಷ್ಟಕಗಳನ್ನು ಬೇಕಾದಾಗ ಬೇಕಾದಂತೆ ಕೂಡಿಸಿ ಕೊಡುವ ಒಂದು ಕ್ರಮವಿದ್ದರೆ ಮಾತ್ರ ಈ ವಿಭಜನೆ ಸಾರ್ಥಕ. ಆ ಕ್ರಮವನ್ನು ಗಣಿತದ ತಳಹದಿಯ ಮೇಲೆ ಕಟ್ಟಿಕೊಟ್ಟವನು ಎಡ್ಗರ್ ಕಾಡ್.

ಈತನು 1923ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಗಣಿತವನ್ನು ಓದಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನಚಾಲಕನಾಗಿ ದುಡಿದು, ಅಮೆರಿಕೆಗೆ ಹೋಗಿ ಐ.ಬಿ.ಎಂ. ಸಂಸ್ಥೆಯನ್ನು ಸೇರಿದವನು. ಆ ಸಂಸ್ಥೆಯು 1960ರ ದಶಕದಲ್ಲಿ ಐ.ಎಂ.ಎಸ್. ಎಂಬ ಒಂದು ದಾಖಲೆಯ ಏರ್ಪಾಡನ್ನು ಸಿದ್ಧಪಡಿಸಿತ್ತು. ಚಂದ್ರಯಾನದ ಅಪೊಲೊ ಯೋಜನೆಯ ರಾಕೆಟ್ಟಿನ ಲೆಕ್ಕವಿಲ್ಲದಷ್ಟು ಬಿಡಿಭಾಗಗಳ ಪಟ್ಟಿಯನ್ನಿಡಲು ರಚಿತವಾದ ಅದರಲ್ಲಿ ವಿವರಗಳೆಲ್ಲ ವಂಶವೃಕ್ಷದಂತೆ ಒಂದರ ಕೆಳಗೊಂದು ತೂಗುತ್ತಿದ್ದುವು. ಯಂತ್ರದೊಳಗೆ ಭಾಗ, ಭಾಗದೊಳಗೆ ತಿರುಪು: ಇಂಥ ಪಟ್ಟಿಗೆ ವೃಕ್ಷವೇ ತಕ್ಕ ಆಕಾರ. ಆದರೆ ನಮ್ಮ ಪುಸ್ತಕಭಂಡಾರವನ್ನು ಹಾಗೆ ತೂಗಹಾಕಿ ನೋಡಿ. ಸದಸ್ಯರ ಕೆಳಗೆ ಅವರು ಪಡೆದ ಪುಸ್ತಕಗಳು. ‘ಸುಮಿತ್ರಾ ಏನೇನು ಓದಿದಳು?’ ಎಂದರೆ ಥಟ್ಟನೆ ಉತ್ತರ. ‘ಈ ಪುಸ್ತಕವನ್ನು ಯಾರು ಯಾರು ಓದಿದರು?’ ಎಂದರೆ 600 ಕೊಂಬೆಗಳನ್ನೂ ಹತ್ತಿ ಇಳಿಯಬೇಕು. ಅಷ್ಟೇ ಅಲ್ಲ, ಹತ್ತುವ ದಾರಿಯನ್ನು ಪ್ರೋಗ್ರಾಮು ಬರೆಯುವವನೇ ಅರಿತಿರಬೇಕು. ನಾಳೆ ಮರದ ಆಕಾರವನ್ನು ಬದಲಿಸಿದರೆ ಅವನ ಪ್ರೋಗ್ರಾಮುಗಳೆಲ್ಲ ಕೆಡುತ್ತವೆ.

1970ರ ಜೂನ್ ತಿಂಗಳಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಕಾಡ್ ಈ ಕಷ್ಟಕ್ಕೆ ಪರಿಹಾರವನ್ನು ಸೂಚಿಸಿದನು. ವಿವರಗಳು ಯಂತ್ರದೊಳಗೆ ಹೇಗೆ ಅಡಗಿವೆಯೆಂಬುದನ್ನು ತಿಳಿದಿರಬೇಕಾದ ಹೊಣೆ ಬಳಸುವವನಿಗೆ ಇರಬಾರದು. ತನಗೆ ಏನು ಬೇಕೆಂಬುದನ್ನು ಆತನು ಹೇಳಿದರೆ ಸಾಕು, ದಾರಿಯನ್ನು ಯಂತ್ರ ಹುಡುಕಿಕೊಳ್ಳಲಿ ಎಂಬುದು ಈತನ ವಾದ. ಇದಕ್ಕಾಗಿ ಆರಿಸಿಕೊಂಡದ್ದು ಗಣಿತದಲ್ಲಿ ‘ಸಂಬಂಧ’ ಎನ್ನಿಸಿಕೊಳ್ಳುವ ಕಲ್ಪನೆಯನ್ನು. ಸಂಬಂಧಾತ್ಮಕ ಡೇಟಾಬೇಸ್ ಎಂದರೆ ಕೋಷ್ಟಕ ಕೋಷ್ಟಕಗಳ ನಡುವೆ ಸಂಬಂಧವಿರುವುದು ಎಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. ಪ್ರತಿಯೊಂದು ಕೋಷ್ಟಕವೇ ಗಣಿತದ ಅರ್ಥದಲ್ಲಿ ಒಂದು ಸಂಬಂಧ, ಅಂದರೆ ಒಂದು ಗಣ. ಅದರ ಒಂದೊಂದು ಸಾಲೂ ‘117ನೆಯ ಸದಸ್ಯಳು 2046ನೆಯ ಪುಸ್ತಕವನ್ನು ಆಗಸ್ಟ್ 3ರಂದು ಪಡೆದಳು’ ಎಂಬಂಥ ಒಂದು ಹೇಳಿಕೆ. ಗಣದಲ್ಲಿ ಮೇಲೆ ಕೆಳಗೆ ಎಂಬುದಿಲ್ಲ. ಒಂದೇ ಹೇಳಿಕೆ ಎರಡು ಸಲ ಬರುವಂತಿಲ್ಲ. ಎರಡು ಸಂಬಂಧಗಳನ್ನು ಕೂಡಿಸಿದರೆ ಬರುವುದೂ ಇನ್ನೊಂದು ಸಂಬಂಧವೇ. ಆದುದರಿಂದ ಅದನ್ನು ಮತ್ತೊಂದರೊಡನೆ ಕೂಡಿಸಬಹುದು. ಸಂಖ್ಯೆಗಳನ್ನು ಕೂಡಿಸಿದರೆ ಸಂಖ್ಯೆಯೇ ಬರುವ ಹಾಗೆ.

ಪುಸ್ತಕ ಹಿಂದಿರುಗಿಸದವರ ಪ್ರಶ್ನೆಗೆ ಈಗ ಉತ್ತರ ದೊರೆಯಿತು. ಎರವಲಿನ ಕೋಷ್ಟಕದಲ್ಲಿ ಹಿಂದಿರುಗಿದ ದಿನ ಖಾಲಿಯಿದ್ದು, ಕೊಟ್ಟು ಹದಿನೈದು ದಿನ ಕಳೆದ ಸಾಲುಗಳನ್ನು ಆರಿಸು. ಸದಸ್ಯ ಸಂಖ್ಯೆ ಹೊಂದುವ ಕಡೆ ಹೆಸರನ್ನೂ ವಿಳಾಸವನ್ನೂ ಜೋಡಿಸು. ಪುಸ್ತಕ ಸಂಖ್ಯೆ ಹೊಂದುವ ಕಡೆ ಪುಸ್ತಕದ ಹೆಸರನ್ನು ಜೋಡಿಸು. ಇಂಥ ಅಪ್ಪಣೆಗಳನ್ನು ಬರೆಯಲು ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬುವರು 1974ರಲ್ಲಿ ಪ್ರಕಟಿಸಿದ ಭಾಷೆಯೇ ಇಂದು ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಗಿದೆ. ಮನೆಯ ಮಾಣಿಕ್ಯದ ಬೆಲೆಯನ್ನು ಐ.ಬಿ.ಎಂ. ತಡವಾಗಿ ಅರಿಯಿತು, 1979ರಲ್ಲಿ ಇಂಥ ಏರ್ಪಾಡನ್ನು ಮಾರಲು ಆರಂಭಿಸಿದವರು ಇಂದು ಒರಾಕಲ್ ಎಂಬ ಹೆಸರಿನಿಂದ ಪ್ರಸಿದ್ಧರಾದವರು. ಕಾಡ್‌ಗೆ 1981ರಲ್ಲಿ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಸಾಲುಗಳಿಗೆ ಕ್ರಮವಿಲ್ಲವೆಂಬ ಮಾತು ಬರಿಯ ಗಣಿತದ ಬಿಗುಮಾನವೆಂದು ತೋರಬಹುದು. ಸ್ಪ್ರೆಡ್‌ಷೀಟಿನಲ್ಲಿ ಅಂಕಪಟ್ಟಿಯನ್ನು ಬರೆದು, ಹೆಸರುಗಳ ಕಂಬಸಾಲೊಂದನ್ನೇ ಆರಿಸಿ ಅಕಾರಾದಿಯಾಗಿ ಜೋಡಿಸಿದವರಿಗೆ ಅದರ ಬೆಲೆ ತಿಳಿದೀತು. ಹೆಸರುಗಳು ಸ್ಥಳ ಬದಲಿಸುತ್ತವೆ, ಅಂಕಗಳು ಇದ್ದಲ್ಲೇ ಇರುತ್ತವೆ. ನೂರಕ್ಕೆ ತೊಂಬತ್ತು ಪಡೆದವನು ನಪಾಸಾಗುತ್ತಾನೆ. ಹಾಳೆಯಲ್ಲಿ ಹೆಸರಿಗೂ ಅಂಕಕ್ಕೂ ಇರುವ ನಂಟು ಕೇವಲ ನೆರೆಹೊರೆಯ ನಂಟು. ಡೇಟಾಬೇಸಿನಲ್ಲಿ ಸಾಲು ಒಡೆಯುವುದಿಲ್ಲ.

ಇದಲ್ಲದೆ ಡೇಟಾಬೇಸಿನ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದಾನೆ. ಸದಸ್ಯರ ಕೋಷ್ಟಕದಲ್ಲಿ 999 ಎಂಬ ಸಂಖ್ಯೆಯೇ ಇಲ್ಲದಿದ್ದರೆ 999ನೆಯ ಸದಸ್ಯನ ಹೆಸರಿಗೆ ಎರವಲು ಬರೆಯಲು ಆತ ಬಿಡುವುದಿಲ್ಲ. ತಾರೀಖಿನ ಮನೆಯಲ್ಲಿ ‘ಹೋದ ಸೋಮವಾರ’ ಎಂದು ಬರೆಯಲು ಬಿಡುವುದಿಲ್ಲ. ಬ್ಯಾಂಕಿನಲ್ಲಿ ಒಬ್ಬರ ಖಾತೆಯಿಂದ 500 ರೂಪಾಯಿ ಕಳೆದು ಇನ್ನೊಬ್ಬರ ಖಾತೆಗೆ ಸೇರಿಸುವಾಗ ನಡುವೆ ವಿದ್ಯುತ್ತು ಹೋದರೆ, ಕಳೆದದ್ದನ್ನೂ ರದ್ದುಮಾಡುತ್ತಾನೆ: ಎರಡೂ ನಡೆಯಬೇಕು, ಇಲ್ಲವೆ ಎರಡೂ ನಡೆಯಕೂಡದು. ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಒಂದೇ ಪುಸ್ತಕವನ್ನು ಇಬ್ಬರಿಗೆ ಬರೆದರೆ ಒಬ್ಬರನ್ನು ತಡೆಯುತ್ತಾನೆ. ಒಪ್ಪಲಾಗದುದು ಬಂದಾಗ ಒಪ್ಪಲಾರೆನೆಂದು ಗಟ್ಟಿಯಾಗಿ ಹೇಳುವುದೇ ಈ ಕಾವಲಿನ ಸಾರ. ಇಂಗ್ಲೆಂಡಿನ ಹಾಳೆಗಳಲ್ಲಿ ಇಲ್ಲದೆ ಹೋದದ್ದು ಇದು.

ಸ್ಪ್ರೆಡ್‌ಷೀಟಿನ ಸ್ವಭಾವ ಇದಕ್ಕೆ ವಿರುದ್ಧ. ಅದು ಉಪಕಾರಿ, ನಾವು ಬರೆದದ್ದನ್ನು ಊಹಿಸಿ ತಿದ್ದಿಕೊಡುತ್ತದೆ. ಮನುಷ್ಯನ ಜೀನುಗಳಲ್ಲಿ ಒಂದಕ್ಕೆ ‘ಸೆಪ್ಟ್ 2’ ಎಂದು ಸಂಕ್ಷಿಪ್ತ ಹೆಸರಿತ್ತು. ಎಕ್ಸೆಲ್ ಅದನ್ನು ಸೆಪ್ಟೆಂಬರ್ ತಿಂಗಳ ಎರಡನೆಯ ತಾರೀಖೆಂದು ತಿಳಿದು ಬದಲಿಸುತ್ತಿತ್ತು. ‘ಮಾರ್ಚ್ 1’ ಎಂಬ ಜೀನಿಗೂ ಅದೇ ಗತಿ. ಹೀಗೆ ಕೆಟ್ಟ ಹೆಸರುಗಳು ಎಷ್ಟೆಂದು ಮಾರ್ಕ್ ಝೀಮನ್ ಮತ್ತು ಸಂಗಡಿಗರು 2016ರಲ್ಲಿ ಹುಡುಕಿದಾಗ, ಜೀನುಗಳ ಪಟ್ಟಿಯನ್ನು ಎಕ್ಸೆಲ್ ಕಡತಗಳಲ್ಲಿ ಲಗತ್ತಿಸಿದ್ದ ವೈಜ್ಞಾನಿಕ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಭಾಗದಲ್ಲಿ ಈ ತಪ್ಪು ಕಂಡುಬಂದಿತು. ಕೊನೆಗೆ ಮಣಿದವರು ವಿಜ್ಞಾನಿಗಳೇ. ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಆ ಹೆಸರುಗಳನ್ನು ‘ಸೆಪ್ಟಿನ್ 2’, ‘ಮಾರ್ಚ್‌ಎಫ್ 1’ ಎಂದು ಬದಲಿಸಿ, ಇಂಥ ಗೊಂದಲಕ್ಕೆ ಎಡೆಕೊಡುವ ಹೆಸರುಗಳನ್ನಿಡಬಾರದೆಂದು 2020ರಲ್ಲಿ ನಿಯಮವನ್ನು ಪ್ರಕಟಿಸಿತು. ಈ ಊಹೆಯನ್ನು ಬೇಡವೆನ್ನುವ ಸೌಲಭ್ಯ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ.

ಹೀಗೆಂದು ಸ್ಪ್ರೆಡ್‌ಷೀಟನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನಮ್ಮ ಮನೆಯ ತಿಂಗಳ ಖರ್ಚನ್ನು ನಾವು ಇಂದಿಗೂ ಅದರಲ್ಲಿಯೇ ಬರೆಯುತ್ತೇವೆ. ಲೋಲಕದ ಪ್ರಯೋಗದಲ್ಲಿ ದೊರೆತ ಮೂವತ್ತು ಅಳತೆಗಳು, ಪ್ರವಾಸದ ಅಂದಾಜು, ಒಂದು ತರಗತಿಯ ಅಂಕಗಳ ಸರಾಸರಿ—ಇವಕ್ಕೆ ಡೇಟಾಬೇಸನ್ನು ಕಟ್ಟಹೊರಡುವುದು ಇಲಿಯನ್ನು ಹಿಡಿಯಲು ಬೆಟ್ಟವನ್ನು ಅಗೆದಂತೆ. ಡೇಟಾಬೇಸಿಗೆ ಮೊದಲೇ ಕುಳಿತು ಯೋಚಿಸಬೇಕು: ಯಾವುವು ವಿಷಯಗಳು, ಯಾವುದು ಯಾವುದರ ಕೀಲಿ, ಯಾವ ನಿಯಮಗಳು ಬೇಕು. ಅದನ್ನು ನೋಡಿಕೊಳ್ಳಲು ತಿಳಿದವರೊಬ್ಬರು ಬೇಕು. ಹಾಳೆಯನ್ನಾದರೋ ಈ ಕ್ಷಣದಲ್ಲಿ ತೆರೆದು ಆರಂಭಿಸಬಹುದು, ಕೆಲಸ ಮುಗಿದೊಡನೆ ಎಸೆಯಬಹುದು.

ಯಾವಾಗ ಹಾಳೆಯನ್ನು ಬಿಡಬೇಕೆಂಬುದನ್ನು ಸಾಲುಗಳ ಎಣಿಕೆಯಿಂದ ನಿರ್ಧರಿಸುವವರುಂಟು. ಅದು ಕಡಮೆ ಮುಖ್ಯವಾದ ಕಾರಣವೆಂದು ನಮಗೆ ತೋರುತ್ತದೆ. ಒಂದೇ ಹೆಸರನ್ನು ಅಥವಾ ವಿಳಾಸವನ್ನು ಎರಡನೆಯ ಬಾರಿ ಬರೆಯುವಾಗಲೇ ಅನುಮಾನ ಹುಟ್ಟಬೇಕು. ಒಂದೇ ಹಾಳೆಯನ್ನು ನಾಲ್ವರು ತಿದ್ದತೊಡಗಿ, ‘ಕೊನೆಯದು’, ‘ನಿಜವಾಗಿ ಕೊನೆಯದು’ ಎಂಬ ಹೆಸರಿನ ಪ್ರತಿಗಳು ಹುಟ್ಟಿಕೊಂಡರೆ ಅನುಮಾನ ನಿಶ್ಚಯವಾಗಬೇಕು. ಬರೆದದ್ದು ವರ್ಷಗಟ್ಟಲೆ ಉಳಿಯಬೇಕಾದುದಾದರೆ, ಒಂದು ಸಾಲು ತಪ್ಪಿದರೆ ಯಾರದೋ ಜಮೀನು, ಔಷಧ ಅಥವಾ ಅಂಕ ತಪ್ಪುವಂತಿದ್ದರೆ, ಸಾಲುಗಳು ಇನ್ನೂರೇ ಇರಲಿ, ಕಾವಲುಗಾರನಿರುವ ಮನೆಯೇ ಲೇಸು. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ನಿರ್ಬಂಧವೂ ಇಲ್ಲ. ದಾಖಲೆಯನ್ನು ಡೇಟಾಬೇಸಿನಲ್ಲಿಟ್ಟು, ಬೇಕಾದ ಭಾಗವನ್ನು ಹಾಳೆಗೆ ಇಳಿಸಿಕೊಂಡು ಲೆಕ್ಕಹಾಕುವುದು ಅನೇಕ ಕಚೇರಿಗಳ ಪದ್ಧತಿ. ಹಾಳೆಯಲ್ಲಿ ತಿದ್ದಿದ್ದು ಮೂಲವನ್ನು ಮುಟ್ಟದು.

ವಿದ್ಯಾರ್ಥಿಗಳು ಇದನ್ನು ಕೈಯಾರೆ ಮಾಡಿನೋಡಬೇಕೆಂದರೆ ಹಣ ಬೇಕಾಗಿಲ್ಲ. ಡಿ. ರಿಚರ್ಡ್ ಹಿಪ್ ಎಂಬಾತನು 2000ದಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಎಸ್‌ಕ್ಯೂಎಲೈಟ್ ಎಂಬ ಪುಟ್ಟ ಡೇಟಾಬೇಸ್ ಉಚಿತವಾಗಿ ದೊರೆಯುತ್ತದೆ. ಅದರ ದಾಖಲೆಯೆಲ್ಲ ಒಂದೇ ಕಡತದಲ್ಲಿ ಅಡಗಿರುತ್ತದೆ. ಮೇಲೆ ಹೇಳಿದ ಪುಸ್ತಕಭಂಡಾರದ ಮೂರು ಕೋಷ್ಟಕಗಳನ್ನು ಅದರಲ್ಲಿ ಕಟ್ಟಿ, ಕೀಲಿಗಳ ನಿಯಮವನ್ನು ವಿಧಿಸಿ, 999ನೆಯ ಸದಸ್ಯನಿಗೆ ಪುಸ್ತಕ ಕೊಡಲು ಯತ್ನಿಸಿ ನೋಡಿ. ಬೇರೆ ಪ್ರಯೋಗಶಾಲೆಗೆ ಹೋಗಬೇಕಾಗಿಯೂ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಗೆಳೆಯರ ಹೆಸರುಗಳೂ ಸಂಖ್ಯೆಗಳೂ ಇರುವುದು ಇದೇ ಎಸ್‌ಕ್ಯೂಎಲೈಟಿನ ಕೋಷ್ಟಕಗಳಲ್ಲಿ: ಹೆಸರಿಗೆ ಒಂದು ಸಾಲು, ಸಂಖ್ಯೆಗಳಿಗೆ ಬೇರೆ ಸಾಲುಗಳು, ನಡುವೆ ಒಂದು ಕೀಲಿ. ಒಬ್ಬ ಗೆಳೆಯನಿಗೆ ಮೂರು ಸಂಖ್ಯೆಗಳಿದ್ದರೂ ಅವನ ಹೆಸರನ್ನು ಮೂರು ಸಲ ಬರೆಯಬೇಕಾಗಿ ಬರದಿರುವುದು ಈ ಕಾರಣದಿಂದಲೇ.